ಅಜ್ಜಿಯ ಮುಖದ ಹನ್ನೆರಡು ಬಾಟಲಿ

ತೋಟದ ಸಾಲುಮನೆ, ನಂಬರ್ ನಾಲ್ಕು
ರಾಬರ್ಟ್‌ಸನ್ ಹತ್ತಿರ
ಈಸ್ಟರ್ ಸೋಮವಾರ, ಏಪ್ರಿಲ್ 21

ಅಮ್ಮ,

ಮೊದಲು ‘ಪ್ರೀತಿಯ ಅಮ್ಮ’ ಎಂದು ಬರೆದೆ. ಆಮೇಲೆ ‘ಪ್ರೀತಿಯ’ ಹೊಡೆದುಹಾಕಿದೆ. ಅದು ನಿನಗೆ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ. ಟ್ಯಾಕ್ಸಿ ಓಡಿಸುವ ಬೋಯ್ಸಿ ಮಾಮ ನಾಳೆ ನಿಮ್ಮ ಸಮುದ್ರದ ಕಡೆಗೆ ಬರುತ್ತಾನೆ. ಮೀನಿನ ಕಾರ್ಖಾನೆಯ ಗೇಟಿನಲ್ಲಿ ನಿಂತು ನಿನ್ನ ಕೈಗೇ ಕೊಡಬೇಕು ಎಂದಿದ್ದೇನೆ. “ನಿಮ್ಮಮ್ಮ ಅಲ್ಲೇ ಹರಿದು ಬಿಸಾಕಿದ್ರೆ?” ಅಂದ. “ಹರಿಯೋ ಮುಂಚೆ ಓದ್ತಾಳೆ, ಅವಳ ಬುದ್ಧಿ ನಂಗೊತ್ತು” ಅಂದೆ.

ನಿನ್ನ ಚೀಟಿ ಹೋದ ವಾರ ಬಂತು. ಮೂರೇ ಸಾಲು. ಅಜ್ಜಿ ಮತ್ತೆ ಕುಡಿಯಲು ಶುರು ಮಾಡಿದ್ದಾಳಂತೆ. ಮನೆಗೆ ವೈನಿನ ಪೆಟ್ಟಿಗೆ ಬಂದಿದೆಯಂತೆ. ಆ ಮನೆಯಲ್ಲಿ ಬಾಟಲಿ ಇರುವ ತನಕ ನೀನು ಹೊಸಿಲು ತುಳಿಯುವುದಿಲ್ಲವಂತೆ. ಎಲ್ಲಾ ‘ಅಂತೆ’. ಹೇಳಿದವಳು ಪಕ್ಕದ ಮನೆಯ ಸೀನಾ ಚಿಕ್ಕಮ್ಮ ಎಂದು ನನಗೆ ಗೊತ್ತು. ಪೆಟ್ಟಿಗೆ ಒಳಗೆ ಬಂದದ್ದನ್ನು ಅವಳು ನೋಡಿದ್ದಾಳೆ, ಅಷ್ಟಕ್ಕೇ ಅವಳ ಹೊಟ್ಟೆ ತುಂಬಿದೆ.

ನೀನು ಹೋದಾಗ ನನಗೆ ಎಂಟು ವರ್ಷ. ಕುಡುಕಿಯ ಮನೆಯಲ್ಲಿ ಇರಲಾರೆ ಎಂದು ಹೋದೆ, ನನ್ನನ್ನು ಆ ಕುಡುಕಿಯ ಹತ್ತಿರವೇ ಬಿಟ್ಟು ಹೋದೆ. ಇದನ್ನು ಒಂದು ಸಲ ಕಾಗದದಲ್ಲಿ ಬರೆದು ನೋಡಬೇಕೆಂದಿತ್ತು. ಬರೆದಾಯಿತು. ನೀನು ಹೋದ ವಾರವೇ ಅವಳು ಕುಡಿಯುವುದು ನಿಲ್ಲಿಸಿದಳು. ಬೆಳಿಗ್ಗೆ ನನ್ನನ್ನು ಎಬ್ಬಿಸಿ ಸ್ಕೂಲ್ ಬಸ್ಸಿಗೆ ಹತ್ತಿಸಲು ಬೇರೆ ಯಾರೂ ಇರಲಿಲ್ಲ, ಅದಕ್ಕೆ. ಹತ್ತು ದಿನ ಗೋಡೆಗೆ ಒರಗಿ ನಡುಗುತ್ತಾ ಕೂತಿದ್ದಳು. ನಾನು ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಡುತ್ತಿದ್ದೆ, ವಾಂತಿ ಮಾಡುತ್ತಿದ್ದಳು. ಹನ್ನೆರಡನೇ ವಯಸ್ಸಿನಿಂದ ಧಣಿಗಳು ಕೂಲಿಯ ಜೊತೆ ತಗಡಿನ ಲೋಟದಲ್ಲಿ ದಿನಕ್ಕೆ ಐದು ಸಲ ವೈನು ಕೊಟ್ಟು ಬೆಳೆಸಿದ ಮೈ ಅದು. ಅದನ್ನು ಬಿಡಿಸಲು ಆಸ್ಪತ್ರೆ ಇರಲಿಲ್ಲ, ಪಾದ್ರಿ ಇರಲಿಲ್ಲ. ನಾನಿದ್ದೆ. ಆಮೇಲೆ ನೀನು ಎರಡು ಸಲ ಬಂದೆ, ಎರಡೂ ಸಲ ಸಾವಿಗೆ, ಸ್ಮಶಾನದಿಂದಲೇ ವಾಪಸ್ ಹೋದೆ. ಕುಡಿಯದ ಅಜ್ಜಿಯನ್ನು ನೀನು ನೋಡಿಯೇ ಇಲ್ಲ. ನೋಡದವಳ ಮೇಲೆ ತೀರ್ಪು ಬೇರೆ.

ಈಗ ಆ ಪೆಟ್ಟಿಗೆಯ ವಿಷಯ ಕೇಳು.

ಜನವರಿಯಲ್ಲಿ ನಾನು ಬಾಟಲಿ ತುಂಬುವ ಶೆಡ್ಡಿನಲ್ಲಿದ್ದೆ, ಲೇಬಲ್ ಮೆಷಿನ್ನಿನ ಮುಂದೆ. ಹೊಸ ಲೇಬಲ್ಲಿನ ಸುರುಳಿ ಹಾಕಿದರು. ಮೊದಲ ಬಾಟಲಿ ಬಂತು, ಅದರ ಮೇಲೆ ಅಜ್ಜಿ. ಎರಡನೆಯದು ಬಂತು, ಅಜ್ಜಿ. ತಲೆಗೆ ಹಳದಿ ಬಟ್ಟೆ, ಕೈಯಲ್ಲಿ ದ್ರಾಕ್ಷಿ ಕತ್ತರಿ, ಮುಂದಿನ ಹಲ್ಲಿಲ್ಲದ ಅದೇ ನಗು, ಹೋದ ವರ್ಷದ ಕೊಯ್ಲಿನಲ್ಲಿ ತೆಗೆದ ಫೋಟೋ. ಕೆಳಗೆ ದೊಡ್ಡದಾಗಿ ‘ಔಮಾ ಡೋರ್ತಿ’, ಊರಿಗೆಲ್ಲಾ ಅವಳೇ ಅಜ್ಜಿ ಎನ್ನುವ ಹಾಗೆ. ನಿಮಿಷಕ್ಕೆ ಮೂವತ್ತು ಅಜ್ಜಿಯರು ನನ್ನ ಮುಂದೆ ಹಾದು ಪೆಟ್ಟಿಗೆಗೆ ಇಳಿದರು. ನಾನು ಮೆಷಿನ್ ನಿಲ್ಲಿಸಿದೆ. ವೈನ್ ಕೊಠಡಿಯ ಮೇಸ್ತ್ರಿ ಓಡಿಬಂದು, “ಏನೇ, ಬಾಟ್ಲಿ ಒಡೀತಾ?” ಅಂದ. “ಇದು ನಮ್ಮಜ್ಜಿ” ಅಂದೆ. “ಗೊತ್ತು. ಅದೃಷ್ಟ ಮಾಡಿದ್ದಾಳೆ. ಇಂಗ್ಲೆಂಡಿಗೆ ಹೋಗ್ತಾಳೆ. ಮೆಷಿನ್ ಹಾಕು” ಅಂದ.

ಆ ಶನಿವಾರ ಚಿಕ್ಕ ಧಣಿ ವಿಲೆಮ್ ತಾನೇ ಗಾಡಿಯಲ್ಲಿ ಬಂದು ಹನ್ನೆರಡು ಬಾಟಲಿಯ ಪೆಟ್ಟಿಗೆಯನ್ನು ನಮ್ಮ ಮೇಜಿನ ಮೇಲಿಟ್ಟು ಹೋದ. ಉಡುಗೊರೆ. ಅಜ್ಜಿ ಒಂದು ಬಾಟಲಿ ಎತ್ತಿ ತನ್ನ ಮುಖವನ್ನೇ ನೋಡಿದಳು. “ಐವತ್ತು ವರ್ಷ ನಾನ್ ಇದನ್ನ ಕುಡ್ದೆ, ಇಲ್ಲಾ ಇದು ನನ್ನ ಕುಡೀತು. ಈಗ ಮುಖಾನೂ ಅಂಟಿಸ್ಕೊಂಡ್ತು ನೋಡು” ಅಂದಳು. ಆಮೇಲೆ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿ ಮಂಚದ ಕೆಳಗೆ ಹಾಕಿದಳು. ಸೀನಾ ಚಿಕ್ಕಮ್ಮ ಕಿಟಕಿಯಲ್ಲಿ ನೋಡಿದ್ದು ಅಷ್ಟು.

ಚರಂಡಿಗೆ ಸುರಿಯೋಣ ಅಂದೆ ನಾನು. ಒಪ್ಪಲಿಲ್ಲ. “ಆ ದ್ರಾಕ್ಷಿ ಕೊಯ್ದಿದ್ದು ಈ ಕೈ. ಚರಂಡಿಗ್ ಹಾಕಕ್ಕೆ ಬೆನ್ನು ಮುರ್ಕೊಂಡ್ನಾ?” ಸಾಲುಮನೆಯವರಿಗೆ ಹಂಚೋಣ ಅಂದೆ. ಅದಕ್ಕೆ ಅವಳು ನನ್ನ ಮುಖ ನೋಡಿದ ರೀತಿ ನಾನು ಮರೆಯುವುದಿಲ್ಲ. “ಯಾವನೋ ಕುಡ್ದು ಹೆಂಡ್ತೀಗ್ ಹೊಡೀತಾನೆ. ಮೇಜಿನ ಮೇಲೆ ಬಾಟ್ಲೀಲಿ ಕೂತು ನಾನ್ ನಗ್ತಾ ನೋಡ್ಬೇಕಾ?” ಅಂದಳು.

ಹಾಗಾಗಿ ವಿನೆಗರ್. ಅದು ಅವಳದೇ ಯೋಚನೆ. ಬೋಯ್ಸಿ ಮಾಮನ ತಾಯಿಯ ಹತ್ತಿರ ಹಳೇ ವಿನೆಗರಿನ ಜಾಡಿ ಇದೆ, ಮೇಲೆ ಹಾಲಿನ ಕೆನೆಯ ಹಾಗೆ ದಪ್ಪಗೆ, ಆದರೆ ಲೋಳೆಯಂತೆ ಜಾರುವ ಒಂದು ಪದರ. ಹೆಪ್ಪಿಗೆಂದು ಅದರಲ್ಲಿ ಎರಡು ತುಂಡು ತಂದೆವು. ಹನ್ನೆರಡು ಬಾಟಲಿಯನ್ನೂ ಎರಡು ಬಕೆಟ್ಟಿಗೆ ಸುರಿದು, ಸ್ವಲ್ಪ ನೀರು ಬೆರೆಸಿ, ಆ ಪದರ ತೇಲಿಬಿಟ್ಟು, ನೊಣ ಕೂರದ ಹಾಗೆ ಬಟ್ಟೆ ಕಟ್ಟಿ ಕೋಳಿಗೂಡಿನ ಪಕ್ಕ ಬಿಸಿಲಿನ ಗೋಡೆಗೆ ಇಟ್ಟೆವು. ಸುರಿದದ್ದು ನಾನು. ಅಜ್ಜಿ ಮೂಗಿಗೆ ಏಪ್ರನ್ ಒತ್ತಿಕೊಂಡು ಹಿತ್ತಲಿನ ಆ ತುದಿಯಲ್ಲಿ ನಿಂತಿದ್ದಳು.

ವೈನ್ ತೋಟದಲ್ಲಿ ವಿನೆಗರ್ ಮಾಡುವುದೆಂದರೆ ಏನು ಎಂದು ನಿನಗೆ ಗೊತ್ತು. ಆ ಹುಳಿ ಬಟ್ಟೆಯಲ್ಲಿ ಅಂಟಿಕೊಂಡು ಕೊಠಡಿಗೆ ಹೋದರೆ ಪೀಪಾಯಿಗಳೆಲ್ಲಾ ಕೆಡುತ್ತವೆ. ನಾನು ದಿನಾ ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ ಹೋಗುತ್ತಿದ್ದೆ. ಆದರೂ ಮೂರನೇ ವಾರ ಮೇಸ್ತ್ರಿ ಮೂಗು ಅರಳಿಸಿದ. “ಯಾವಳು ಹುಳಿ ಹೊತ್ಕೊಂಡ್ ಬಂದಿರೋದು?” ಅಂದ. “ನಾನು” ಅಂದೆ. ಸುಳ್ಳು ಹೇಳಿದ್ದರೆ ಬೇರೆ ಹುಡುಗಿಯರ ಮೇಲೆ ಬರುತ್ತಿತ್ತು. ಅವತ್ತೇ ನನ್ನನ್ನು ಶೆಡ್ಡಿನ ನೆರಳಿನಿಂದ ತೆಗೆದು ಬಿಸಿಲಿಗೆ ದ್ರಾಕ್ಷಿ ಕೊಯ್ಯಲು ಹಾಕಿದ. ಕೊಯ್ದೆ. ಬೆನ್ನು ಸುಟ್ಟಿತು. ಅಳಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಿನ್ನನ್ನು ಬೈಯುವ ನಾನೂ ಅವಳನ್ನು ನಂಬಿರಲಿಲ್ಲ. ಮೊದಲ ಎರಡು ವಾರ ಬಕೆಟ್ಟಿನಲ್ಲಿ ಇನ್ನೂ ವೈನಿನದೇ ವಾಸನೆ. ನಾನು ಕೆಲಸಕ್ಕೆ ಹೋದರೆ ಅವಳು, ಬಕೆಟ್ಟು, ಇಬ್ಬರೇ. ಬಕೆಟ್ಟಿನ ಒಳಗೆ ಇದ್ದಿಲಿನಿಂದ ಗೆರೆ ಎಳೆದಿದ್ದೆ. ಹತ್ತನೇ ದಿನ ನೋಡಿದರೆ ಎರಡು ಬೆರಳಿನಷ್ಟು ಇಳಿದಿತ್ತು. ನಾನು ಕಿರುಚಿದೆ. ಕುಡುಕಿ ಎಂದೆ. ನೀನು ಹೋಗಿದ್ದೇ ಸರಿ ಎಂದೆ. ಅವಳು ಕೋಳಿಗೆ ಕಾಳು ಹಾಕುತ್ತಿದ್ದವಳು ತಿರುಗಲೇ ಇಲ್ಲ. “ಬಿಸ್ಲು ಕುಡೀತದೆ ಕಣೆ, ಅದಕ್ಕೆ ಬಾಯಿ ಬೇಕಾಗಿಲ್ಲ” ಅಂದಳು. ಆಮೇಲೆ ಮೆಲ್ಲಗೆ, “ಅಳೆದ್ ನೋಡು. ದಿನಾ ಅಳೆದ್ ನೋಡು. ನಂಗೇನ್ ಬೇಜಾರಿಲ್ಲ. ನಿಮ್ಮಮ್ಮ ಅಳೆಯಕ್ಕೂ ಬರ್ಲಿಲ್ಲ” ಅಂದಳು.

ಬೋಯ್ಸಿ ಮಾಮನ ತಾಯಿಯನ್ನು ಕೇಳಿದೆ. ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಇಳಿಯುತ್ತದೆ, ಅವಳದೂ ಇಳಿಯುತ್ತದೆ. ಬಂದು ಆ ಗೆರೆಯನ್ನು ಒರೆಸಿಹಾಕಿದೆ.

ಏಪ್ರಿಲ್ ಹೊತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ಹುಳಿಯಾಯಿತು. ಬುಧವಾರ ಮೀನಿನ ಗಾಡಿ ಬಂತು. ಈರುಳ್ಳಿ ಹೆಚ್ಚಿ, ಅರಿಸಿನ, ಮಸಾಲೆ ಪುಡಿ, ಸಕ್ಕರೆ ಹಾಕಿ ಆ ವಿನೆಗರಿನಲ್ಲಿ ಕುದಿಸಿ, ಹುರಿದ ಮೀನಿನ ಮೇಲೆ ಪದರ ಪದರವಾಗಿ ಹಾಕಿದೆವು. ಇಡೀ ಸಾಲುಮನೆಗೆ ಸಾಕಾಗುವಷ್ಟು. ಶುಭ ಶುಕ್ರವಾರ ಎಲ್ಲರ ಮನೆಯಲ್ಲೂ ಅಜ್ಜಿಯ ಮೀನು. ಸೀನಾ ಚಿಕ್ಕಮ್ಮ ಎರಡು ಸಲ ಬಡಿಸಿಕೊಂಡಳು. ಅದನ್ನು ನಿನಗೆ ಹೇಳಿದಳಾ? ಇಲ್ಲ ತಾನೇ.

ಇನ್ನು ಶನಿವಾರ. ಧಣಿಗಳ ಮನೆಯ ಹುಲ್ಲಿನ ಮೇಲೆ ಹೊಸ ವೈನಿನ ಸಮಾರಂಭ. ಪಟ್ಟಣದವರು, ಹೊರದೇಶದವರು, ಕ್ಯಾಮೆರಾದವರು. ಅಜ್ಜಿ ಎಲ್ಲರ ಮುಂದೆ ತನ್ನ ಮುಖದ ವೈನನ್ನು ಕುಡಿದು ತೋರಿಸಬೇಕು. ಗುರುವಾರವೇ ಅವಳು ಚಿಕ್ಕ ಧಣಿಗೆ ತಾನು ಕುಡಿಯುವುದಿಲ್ಲ ಎಂದಳು. “ಒಂದೇ ಗುಟುಕು ಔಮಾ. ತುಟಿಗೆ ತಾಗ್ಸಿದ್ರೆ ಸಾಕು, ಫೋಟೋ ಬೇಕಷ್ಟೆ” ಅಂದ. ಅವಳು ತಲೆ ಅಲ್ಲಾಡಿಸಿದಳು. “ಸರಿ, ಗ್ಲಾಸಿಗೆ ದ್ರಾಕ್ಷಿ ರಸ ಹಾಕಿಸ್ತೀನಿ. ಯಾರಿಗ್ ಗೊತ್ತಾಗುತ್ತೆ?” ಅಂದ. “ನಂಗ್ ಗೊತ್ತಾಗ್ತದೆ” ಅಂದಳು. ಅವನು ನಕ್ಕು, ಹೆಗಲು ತಟ್ಟಿ, ಶನಿವಾರ ಹಳದಿ ಬಟ್ಟೆ ಕಟ್ಟಿಕೊಂಡು ಬನ್ನಿ ಎಂದು ಹೋದ. ಅವನ ಕಿವಿಗೆ ಬೇಡ ಎನ್ನುವ ಮಾತು ಇಳಿಯುವುದಿಲ್ಲ.

ಹೋದೆವು. ಹಳದಿ ಬಟ್ಟೆ ಕಟ್ಟಲಿಲ್ಲ, ಚರ್ಚಿನ ಕಪ್ಪು ಟೋಪಿ ಹಾಕಿದಳು. ಮೀನಿನ ಪಾತ್ರೆ ನನ್ನ ಕಂಕುಳಲ್ಲಿ. ಚಿಕ್ಕ ಧಣಿ ಭಾಷಣ ಮಾಡಿ ಗ್ಲಾಸನ್ನು ಅವಳ ಕೈಗಿಟ್ಟ. ಅದು ವೈನೇ, ರಸವಲ್ಲ. ಎಲ್ಲರೂ ಫೋನ್ ಎತ್ತಿದರು. ಅಮ್ಮ, ಅವಳು ಗ್ಲಾಸನ್ನು ಮೂಗಿನ ಹತ್ತಿರ ತಂದಳು, ಕಣ್ಣು ಮುಚ್ಚಿದಳು. ಎಷ್ಟು ಹೊತ್ತೋ. ನನ್ನ ಹತ್ತು ವರ್ಷವೂ ಅವಳ ಹತ್ತು ವರ್ಷವೂ ಆ ಗ್ಲಾಸಿನ ಅಂಚಿನಲ್ಲಿ ನಿಂತಿದ್ದವು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಗೆದ್ದದ್ದು ಅವಳಾಗುತ್ತಿರಲಿಲ್ಲ.

ಗ್ಲಾಸನ್ನು ಮೇಜಿನ ಮೇಲಿಟ್ಟಳು. ಮೆಲ್ಲಗೆ, ಒಂದು ಹನಿ ಚೆಲ್ಲದೆ. “ಒಳ್ಳೇ ವೈನು. ಮೂಗಿಗೆ ಗೊತ್ತಾಗ್ತದೆ. ನಾನ್ ಕುಡಿಯಲ್ಲ” ಅಂದಳು. ನನ್ನ ಕಡೆಗೆ ಕೈ ಚಾಚಿದಳು. ಪಾತ್ರೆ ಕೊಟ್ಟೆ, ಮುಚ್ಚಳ ತೆಗೆದಳು. “ನೀವ್ ಕೊಟ್ಟ ಹನ್ನೆರಡು ಬಾಟ್ಲೀನೂ ಇದ್ರಲ್ಲೈತೆ. ತಿನ್ನಿ.” ಮೇಸ್ತ್ರಿಯ ಮೂಗಿಗೆ ವಿನೆಗರಿನ ಘಾಟು ಬಡಿದು ಅವನು ನಾಲ್ಕು ಹೆಜ್ಜೆ ಹಿಂದೆ ಹಾರಿದ. ನಾನು ಜೋರಾಗಿ ನಕ್ಕೆ.

ತಿಂದರು. ಬೆರಳು ನೆಕ್ಕಿದರು. ಚಿಕ್ಕ ಧಣಿಯ ಕಣ್ಣು ಮಿಂಚಿತು. ಅಜ್ಜಿಯನ್ನು ಪಕ್ಕಕ್ಕೆ ಕರೆದು, “ಔಮಾ, ಇದನ್ನೂ ಬಾಟ್ಲಿಗೆ ಹಾಕೋಣ. ನಿಮ್ ಫೋಟೋ ಹಾಕಿ ಮಾರೋಣ” ಅಂದ. ಅಜ್ಜಿ, “ಮೊದ್ಲು ವೈನಿನ ಬಾಟ್ಲಿಯಿಂದ ನನ್ ಮುಖ ಕೀಳು” ಅಂದಳು. ಅವನು ನಗು ಬಿಡಲಿಲ್ಲ. ಫೋನಿನಲ್ಲಿ ಒಂದು ಪೇಪರ್ ತೋರಿಸಿದ. ಅಜ್ಜಿ ತನ್ನ ಮುಖವನ್ನು ತೋಟಕ್ಕೆ ಕೊಟ್ಟಿದ್ದಾಳೆ, ಐದು ವರ್ಷಕ್ಕೆ. ಕೆಳಗೆ ಅವಳ ಸೈನು. “ನಂಗೆ ನೆನಪಿಲ್ವಲ್ಲ” ಅಂದಳು. “ವಯಸ್ಸಾಯ್ತು ಔಮಾ. ಮರ್ತಿದೀರ” ಅಂದ.

ಮನೆಗೆ ಬಂದವಳೇ ಅಜ್ಜಿ ಟೋಪಿ ತೆಗೆದು ಮೊಳೆಗೆ ಹಾಕಿದಳು. ನಿನ್ನೆ ಚರ್ಚಿಗೆ ಹೋಗಲಿಲ್ಲ. ಮಂಚದ ಮೇಲೆ ಕೂತು, “ಆಗ ಕುಡ್ದು ಮರೀತಿದ್ದೆ. ಈಗ ಕುಡೀದೇನೂ ಮರೀತಿದೀನಿ. ಮತ್ಯಾಕೆ ಬಿಟ್ಟೆ?” ಎಂದು ಕೇಳಿದಳು. ನನ್ನನ್ನಲ್ಲ, ಗೋಡೆಯನ್ನು. ಇವತ್ತು ಬೆಳಿಗ್ಗೆಯೂ ಅದನ್ನೇ ಕೇಳಿದಳು. ಹನ್ನೆರಡು ಬಾಟಲಿ ಮಾಡದ ಕೆಲಸವನ್ನು ಒಂದು ಪೇಪರ್ ಮಾಡುತ್ತಿದೆ.

ನಮ್ಮ ಮನೆಯಲ್ಲಿ ಈಗ ಒಂದು ಹನಿ ವೈನೂ ಇಲ್ಲ. ಬಂದು ಮಂಚದ ಕೆಳಗೆ ಬಗ್ಗಿ ನೋಡು. ಬರದೆ ಇನ್ನೊಂದು ಸಲ ‘ಅಂತೆ’ ಎಂದು ಬರೆದರೆ ಆ ಚೀಟಿಯನ್ನು ಓದದೇ ಒಲೆಗೆ ಹಾಕುತ್ತೇನೆ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿ, ಅವಳ ಕೈಯಲ್ಲಿ ಬೆಳೆದ,
ಮರ್ಸಿಯಾ

ಮತ್ತೆ: ಕಾಗದ ಮಡಚಿ ಆಗಿತ್ತು, ಬಿಚ್ಚಿದ್ದೇನೆ. ಆ ಸೈನು ಅಜ್ಜಿಯದಲ್ಲ, ನನ್ನದು. ಹೋದ ನವೆಂಬರಿನಲ್ಲಿ ಅವಳು ಕ್ಲಿನಿಕ್ಕಿಗೆ ಹೋಗಿದ್ದಾಗ ಆಫೀಸಿನವಳು ಶೆಡ್ಡಿಗೆ ಬಂದು, “ನಿಮ್ಮಜ್ಜಿ ಫೋಟೋದ್ದು, ಓದ್ಬಿಟ್ಟು ಅವಳ ಹೆಸ್ರು ನೀನೇ ಬರ್ದ್ಬಿಡು” ಅಂದಳು. ನಾಲ್ಕು ಪುಟ ಇಂಗ್ಲಿಷ್. ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನಲು ನಾಚಿಕೆಯಾಯಿತು, ಸುತ್ತ ಹುಡುಗಿಯರು ನಿಂತಿದ್ದರು. ಫೋಟೋವನ್ನು ಆಫೀಸಿನ ಗೋಡೆಗೆ ಹಾಕುತ್ತಾರೆ ಎಂದುಕೊಂಡು ‘ಡಿ. ಪ್ಲಾಕೀಸ್’ ಎಂದು ಬರೆದೆ. ಶನಿವಾರ ಆ ಫೋನು ನೋಡಿದ ಕೂಡಲೇ ನನ್ನ ಅಕ್ಷರ ಗುರುತು ಸಿಕ್ಕಿತು. ಎರಡು ದಿನ ಅವಳು ಗೋಡೆಯನ್ನು ಕೇಳುತ್ತಿದ್ದಳು, ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ. ಬೋಯ್ಸಿ ಮಾಮನಿಗೆ ಇದನ್ನು ಕೊಟ್ಟು ವಾಪಸ್ ಹೋಗಿ ಅವಳಿಗೆ ಹೇಳುತ್ತೇನೆ. ಅವಳ ತಲೆ ಸರಿಯಾಗಿಯೇ ಇದೆ ಎಂದು ಅವಳಿಗೆ ಮೊದಲು ಗೊತ್ತಾಗಲಿ, ಆಮೇಲೆ ನನಗೆ ಹೊಡೆಯಲಿ. ಗುರುವಾರ ಆಫೀಸಿಗೆ ಹೋಗಿ ಚಿಕ್ಕ ಧಣಿಗೆ ಹೇಳುತ್ತೇನೆ. ಕೆಲಸ ಹೋಗುತ್ತದೆ. ಪೊಲೀಸರನ್ನು ಕರೆದರೆ ಕರೆಯಲಿ. ಬೇರೆಯವಳು ಹಾಕಿದ ಸೈನಿಗೆ ಅಜ್ಜಿಯ ಮುಖ ಸಿಗುವುದಿಲ್ಲ ಎನ್ನುವಷ್ಟು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಗೊತ್ತು. ಬರುವುದಾದರೆ ಬುಧವಾರದ ಟ್ಯಾಕ್ಸಿಗೆ ಬಾ. ನಾನು ಆಫೀಸಿನಲ್ಲಿ ಇರುವಷ್ಟು ಹೊತ್ತು ಅವಳ ಹತ್ತಿರ ಯಾರಾದರೂ ಇರಬೇಕು.