ಗೇಟಿನ ಮೇಲಿನ ಹಳದಿ ಕೋಟು

ಅಕ್ಟೋಬರ್ 14, ಸೋಮವಾರ. ಬೆಳಗ್ಗೆ 9
41.3 ಮಿ.ಮೀ.

ಮಾನ್ಯ ಅಧ್ಯಕ್ಷರೆ, ಮಳೆಯನ್ನು ಗಾಜಿನಲ್ಲಿ ಅಳೆಯುತ್ತ ಮಳೆಯಲ್ಲೇ ಮುದುಕರಾದ ಮಹನೀಯರೆ, ಕೊಡೆಯನ್ನು ಬಸ್ಸಿನಲ್ಲಿ ಮರೆತು ಬಂದ ಮಹಿಳೆಯರೆ, ಸಭಾಂಗಣದ ಸೋರುವ ಸೂರೇ — ಟೈಸನ್ ಮನೆತನದ ಕೊನೆಯ ಕುಡಿಯ ತೇವಭರಿತ ವಂದನೆಗಳು.

ಭಾಷಣ ಇಲ್ಲಿಯವರೆಗೆ ಚೆನ್ನಾಗಿದೆ. ಮುಂದೆ ಏನು ಹೇಳುವುದೋ ತಿಳಿಯದು. ಇರಲಿ, ಮಳೆ ಅಳೆಯುವವರ ಸಂಘದ ಸಭೆ ನವೆಂಬರ್ 23ಕ್ಕೆ, ಇನ್ನೂ ಆರು ವಾರ. ಅಜ್ಜ, ಅಪ್ಪ, ಆಮೇಲೆ ನಾನು — ಅರವತ್ತೊಂದು ವರ್ಷ, ಒಂದು ದಿನವೂ ತಪ್ಪದೆ, ಒಂದೇ ಮನೆಯವರ ಕೈಯಲ್ಲಿ ಮಳೆ ಅಳೆದದ್ದಕ್ಕೆ ಪ್ರಶಸ್ತಿಪತ್ರ. ಅಮ್ಮ ತೀರಿಕೊಂಡ ಬೆಳಗ್ಗೆಯೂ ಅಪ್ಪ ಒಂಬತ್ತಕ್ಕೆ ಹೊರಗೆ ಹೋಗಿ ಬಂದರು. 17.8. ಮಳೆಪುಸ್ತಕದಲ್ಲಿ ಮಸಿಯಲ್ಲಿ ಬರೆದಿದ್ದಾರೆ. ಅಕ್ಷರ ನಡುಗಿಲ್ಲ.

ಅಡುಗೆಮನೆಯ ಗಡಿಯಾರ ಹತ್ತು ಅನ್ನುತ್ತಿದೆ. ಬೇಸಿಗೆಗೆಂದು ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಿರುಗಿಸಿದ್ದು. ಮಳೆಗೆ ಬೇಸಿಗೆ ಗೊತ್ತಿಲ್ಲ. ಅದಕ್ಕೆ ಒಂಬತ್ತೇ.

ಮೇಲೆ ಮೋಡ, ಕೆಳಗೆ ಕೆಸರು,
ನಡುವೆ ನಾನು — ಟೈಸನ್ ಹೆಸರು.

ಅಕ್ಟೋಬರ್ 17, ಗುರುವಾರ. 9
58.0. ಕೋಟು ಹಾಕಿದೆ.

ಐವತ್ತು ದಾಟಿದರೆ ಅಪ್ಪನ ಹಳದಿ ಮಳೆಕೋಟು ಗೇಟಿನ ಕಂಬಕ್ಕೆ. ಅಜ್ಜನ ಕಾಲದಿಂದ ನಡೆದುಬಂದದ್ದು. ನನ್ನ ಮನೆ ಕಣಿವೆಯ ತಲೆಯಲ್ಲಿ, ನೆರೆಯ ವಿಲ್ಫ್ ಮಾಮನದು ಒಂದು ಮೈಲಿ ಕೆಳಗೆ. ಒಂದು ಮೈಲಿ, ಆದರೆ ಮಳೆ ಅರ್ಧಕ್ಕರ್ಧ. ಅಲ್ಲಿ ಹನಿಯುವಾಗ ಇಲ್ಲಿ ಹೊಯ್ಯುತ್ತಿರುತ್ತದೆ. ರಾತ್ರಿ ಬಿದ್ದದ್ದು ಮೇಲಿನ ಕೆರೆ ತುಂಬಿ ಉಕ್ಕಿ ಅವರ ಹೊಲ ಮುಟ್ಟಲು ಹನ್ನೊಂದಾದರೂ ಆಗುತ್ತದೆ. ಒಂಬತ್ತಕ್ಕೆ ದುರ್ಬೀನಿನಲ್ಲಿ ನನ್ನ ಗೇಟು ನೋಡುತ್ತಾರೆ. ಹಳದಿ ಕಂಡರೆ ಹಳ್ಳದ ಪಕ್ಕದ ಹೊಲದಿಂದ ಕುರಿಗಳನ್ನು ಮೇಲಕ್ಕೆ ಹೊಡೆಯುತ್ತಾರೆ. ಕಂಡಿತು ಅನ್ನುವುದಕ್ಕೆ ಟೋಪಿ ಬೀಸುತ್ತಾರೆ. ಇವತ್ತೂ ಬೀಸಿದರು.

ಮಧ್ಯಾಹ್ನ ಮೊಟ್ಟೆ ತರಲು ಹೋದಾಗ ಅವರ ಮಗಳು ಶೀಲಾ ಬಂದಿದ್ದಳು. ಎಪ್ಪತ್ತೆರಡಾಯಿತು, ಕಣ್ಣು ತೋರಿಸಿ ಎಂದು ಒಂದೇ ರಾಗ. ಮಾಮ ಪೈಪಿಗೆ ತಂಬಾಕು ತುಂಬುತ್ತಲೇ, "ಕುರಿ ಎಣಿಸ್ತೀನಿ. ಬೇಕಾದ್ರೆ ನಿನ್ನ ಗಂಡನ ಕೂದಲೂ ಎಣಿಸ್ತೀನಿ. ಅದು ಬೇಗ ಮುಗಿಯುತ್ತೆ," ಅಂದರು. ಈ ಕಣಿವೆಯಲ್ಲಿ ಇಷ್ಟು ಮಾತು ಒಂದು ವಾರಕ್ಕೆ ಸಾಕು.

ಅಕ್ಟೋಬರ್ 27, ಭಾನುವಾರ. 9
12.6. ಗಡಿಯಾರ ಹಿಂದಕ್ಕೆ. ಅಂತೂ ಸರ್ಕಾರ ಮಳೆಯ ಮಾತು ಕೇಳಿತು.

ಪತ್ರಿಕೆಯಲ್ಲಿ ದೇಶದ ಇನ್ನೊಂದು ತುದಿಯ ಎಸೆಕ್ಸ್ ಕಡಲತೀರದ ಒಂದು ಹಳ್ಳಿಯ ಸುದ್ದಿ. ದೇಶದಲ್ಲೇ ಒಣ ಊರುಗಳಲ್ಲಿ ಒಂದಂತೆ. ಅವರ ವರ್ಷದ ಮಳೆ ನಮ್ಮ ಎರಡು ತಿಂಗಳಿಗೆ ಸಮ. ಎರಡು ಸಲ ಓದಿದೆ. ನನಗೆ ನಲವತ್ತಾರು ವರ್ಷ. ಅಪ್ಪ ಹೋದ ಹತ್ತೊಂಬತ್ತು ವರ್ಷದಿಂದ ಒಂಬತ್ತು ಗಂಟೆಗೆ ಹಾಸಿಗೆಯಲ್ಲಿ ಇದ್ದದ್ದೇ ಇಲ್ಲ.

ಅಕ್ಟೋಬರ್ 29, ಮಂಗಳವಾರ. 9
0.0.

ರೇಡಿಯೋದಲ್ಲಿ ಶನಿವಾರದವರೆಗೆ ಒಣಹವೆ ಅಂದರು. ಮೂರು ದಿನ ಎಸೆಕ್ಸಿಗೆ ಹೋಗಿಬರಬಹುದು. ಅಳತೆ ನೋಡಲು ಯಾರಿಗಾದರೂ ಹೇಳಬಹುದು — ಆದರೆ 'ಒಂದೇ ಮನೆಯವರ ಕೈ' ಅಲ್ಲವೆ ಪ್ರಶಸ್ತಿ? ಅದೂ ಇನ್ನು ಮೂರೂವರೆ ವಾರ ಇರುವಾಗ.

ಮಳೆಪುಸ್ತಕದಲ್ಲಿ ಮುಂಗಡವಾಗಿ ಬರೆದೆ. 31ಕ್ಕೆ 0.0. 1ಕ್ಕೆ 1.2. 2ಕ್ಕೆ 0.4. ಪೆನ್ಸಿಲಿನಲ್ಲಿ. ಅರವತ್ತೊಂದು ವರ್ಷದಲ್ಲಿ ಆ ಪುಸ್ತಕಕ್ಕೆ ಪೆನ್ಸಿಲ್ ತಾಗಿದ್ದು ಇದೇ ಮೊದಲು.

ನಾಳೆ ಒಂಬತ್ತರ ಅಳತೆ ಮುಗಿಸಿ, ಕೆಳದಾರಿ ಬಿಟ್ಟು, ಗುಡ್ಡದ ಸಂದಿನಿಂದ ಆಚೆ ಕಣಿವೆಗೆ ಇಳಿದು ಬಸ್ಸು ಹಿಡಿಯುವುದು. ಯಾರ ಕಣ್ಣಿಗೂ ಬೀಳುವುದಿಲ್ಲ.

ನವೆಂಬರ್ 1, ಶುಕ್ರವಾರ. ಎಸೆಕ್ಸ್. 9.20
ಈಗ ಎದ್ದೆ!

ನೆಲ ತಟ್ಟೆಯ ಹಾಗೆ ಚಪ್ಪಟೆ. ಆಕಾಶ ಅಂಚಿನವರೆಗೂ ಬಡಿಸಿದೆ. ನಾನು ಉಳಿದುಕೊಂಡಿರುವ ಮನೆಯ ಮಿಸೆಸ್ ಕ್ಯಾಂಟ್ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಕೋಸಿಗೆ ಹಾಕುತ್ತಾರೆ. ಗುರುತಿಲ್ಲದ ನನಗೆ ನಿನ್ನೆ ಒಂದೇ ಉಸಿರಿನಲ್ಲಿ ಗಂಡನ ಹರ್ನಿಯಾ, ಸೊಸೆಯ ಸೊಕ್ಕು, ಚರ್ಚಿನ ಬಣ್ಣ, ಎಲ್ಲ ಹೇಳಿದರು. ನಮ್ಮಲ್ಲಿ ಹೆಂಡತಿಗೂ ಇಷ್ಟು ಹೇಳುವುದಿಲ್ಲ. ನಿಮ್ಮ ಕಡೆ ಮಳೆ ಹೇಗಮ್ಮ ಎಂದು ಕೇಳಿದರು. ಪರವಾಗಿಲ್ಲ ಅಂದೆ.

ಒಣನೆಲದಲ್ಲಿ ಒಣಮಾತು, ಒಣಗಿದ ಕಾಲುಚೀಲ,
ದೇವರೇ, ನನಗಿನ್ನು ಮಳೆಯೇ ಬೇಕಿಲ್ಲ.

ನವೆಂಬರ್ 2, ಶನಿವಾರ. ಮಧ್ಯಾಹ್ನ 2
ಸಂದು ದಾಟುವಾಗಲೇ ಸದ್ದು. ಎಲ್ಲ ಹಳ್ಳಗಳೂ ಒಟ್ಟಿಗೆ.

ಮಳೆಮಾಪಕದ ಬಾಟಲಿ ತುಂಬಿ ಉಕ್ಕಿ ಹೊರಗಿನ ಡಬ್ಬಕ್ಕೆ ಇಳಿದಿದೆ. ಗಾಜಿನಲ್ಲಿ ಅಳೆದೆ. ಇನ್ನೊಮ್ಮೆ ಅಳೆಯೋಣ ಅಂದರೆ ನೀರು ಚೆಲ್ಲಿಬಿಟ್ಟಿದ್ದೆ. 148.6.

ಗೇಟಿನಿಂದ ಕೆಳಗೆ ನೋಡಿದೆ. ಮಾಮನ ಹೊಲ ಇಲ್ಲ. ಕಂದು ನೀರು. ಕಲ್ಲುಗೋಡೆಯ ಉದ್ದಕ್ಕೂ ಉಣ್ಣೆಯ ಮೂಟೆ ಒಟ್ಟಿದ ಹಾಗೆ ಏನೋ... ಮೂಟೆಯಲ್ಲ. ಈಗ ಹೆಣ್ಣುಕುರಿಗಳ ನಡುವೆ ಟಗರು ಬಿಡುವ ಕಾಲ. ಗುಡ್ಡದಿಂದ ಇಳಿಸಿದ ಕುರಿಗಳೆಲ್ಲ ಅಲ್ಲೇ ಇದ್ದವು.

ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿದೆ. ಒಣಗಿದೆ.

ಅದೇ ದಿನ, 4
ಮಾಮ ಬಂದಿದ್ದರು. ಸೂಟ್‌ಕೇಸನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ.

ನಿನ್ನೆ ಆದದ್ದು. ಗುರುವಾರ ರಾತ್ರಿಯೆಲ್ಲ ಕಣಿವೆಯ ತಲೆಯಲ್ಲಿ ಸುರಿದಿದೆ, ಅವರಲ್ಲಿ ತುಂತುರು. ಶುಕ್ರವಾರ ಒಂಬತ್ತಕ್ಕೆ ತೊಳೆದಿಟ್ಟಂಥ ಬೆಳಕು. ದುರ್ಬೀನು ಹಾಕಿದರಂತೆ. ಹನ್ನೊಂದಕ್ಕೆ ನೀರು ಬಂತು. ಮೂವತ್ತೊಂದು ಕುರಿ. ಫೋನಿನ ಕಂಬವೂ ಬಿದ್ದಿದೆ. ಇದನ್ನೆಲ್ಲ ನಿಂತುಕೊಂಡೇ ಹೇಳಿದರು. ಮೊಣಕೈವರೆಗೆ ಕೆಸರು. ಆಮೇಲೆ ಟೋಪಿ ತೆಗೆದರು.

"ಕೋಟು ಹಾಕಿದ್ಯಾ, ಹುಡುಗಿ?"

"ಹಾಕಿದ್ದೆ."

ನನ್ನ ಬಾಯಿಯೇ ಹೇಳಿದ್ದು. ಕೇಳಿ ನಾನೇ ಬೆಚ್ಚಿದೆ.

ಅವರು ಟೋಪಿಯ ಒಳಗೆ ನೋಡಿದರು. "ಹಾಗಾದ್ರೆ ನನಗೇ ಕಾಣಲಿಲ್ಲ. ನಿಮ್ಮ ಚಿಮಣಿ ಹೊಗೆನೂ ಕಾಣಲಿಲ್ಲ ಅಂದ್ಕೊಂಡಿದ್ದೆ. ಅದೂ ಕಣ್ಣೇ ಇರಬೇಕು."

ಅವರು ಹೋದ ಮೇಲೆ ಕೋಟನ್ನು ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿದೆ. ಯಾರಿಗೆ ತೋರಿಸಲು?

ನವೆಂಬರ್ 3, ಭಾನುವಾರ. 9
6.2.

ಅಳತೆ ತಪ್ಪಿದರೆ 'ಮೂರು ದಿನದ ಒಟ್ಟು' ಎಂದು ಬರೆಯಲು ನಿಯಮವೇ ಇದೆ. ಬರೆಯಲಿಲ್ಲ. ಪೆನ್ಸಿಲ್ ಉಜ್ಜಿ ಮಸಿಯಲ್ಲಿ ಹಂಚಿದೆ — 6.0, 131.4, 11.2. ಕೂಡಿದರೆ ಸರಿಹೋಗುತ್ತದೆ. ಅಕ್ಷರ ನಡುಗಿಲ್ಲ. ಅದಕ್ಕೇ ಭಯ.

ನವೆಂಬರ್ 9, ಶನಿವಾರ. 9
22.4.

ಪ್ರತಿ ವರ್ಷ ನವೆಂಬರ್ ಐದಕ್ಕೆ ಊರವರು ಹಚ್ಚುವ ಹಬ್ಬದ ಬೆಂಕಿಯನ್ನು ಈ ಸಲ ಯಾರೂ ಹಚ್ಚಲಿಲ್ಲ.

ಶೀಲಾ ಬಂದಿದ್ದಳು. ಕೇಕ್ ತಂದಿದ್ದಳು! ಮಾಮ ಕುರಿ ಸಾಕುವುದನ್ನೇ ಬಿಡುತ್ತಾರಂತೆ. ಉಳಿದ ಮಂದೆಯನ್ನು 25ಕ್ಕೆ ಬಯಲುಸೀಮೆಯವನೊಬ್ಬ ಒಯ್ಯುತ್ತಾನೆ. ಈ ಕುರಿಗಳಿಗೆ ಬೇಲಿ ಇಲ್ಲ. ತನ್ನ ಗುಡ್ಡ ಯಾವುದು, ಎಲ್ಲಿಗೆ ಮುಗಿಯಿತು ಎಂದು ತಾಯಿ ಮರಿಗೆ ಕಲಿಸುತ್ತದೆ. ಮಂದೆ ಒಮ್ಮೆ ಹೋದರೆ ಹೊಸ ಕುರಿಗಳಿಗೆ ಗುಡ್ಡ ಕಲಿಸುವವರಿಲ್ಲ. ಮಾಮನ ಮನೆಯವರು ಈ ಮಂದೆಯನ್ನು ಐದು ತಲೆಮಾರು ಕಾದಿದ್ದಾರೆ.

ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದಳು. "ನೀನು ಆವತ್ತು ಕೋಟು ಹಾಕಿರಲಿಲ್ಲ ಅಂದಿದ್ರೆ, ಬ್ರೆಂಡಾ, ಅಪ್ಪನ ಕಣ್ಣು ಹೋಗಿದ್ದು ನಮಗೆ ಗೊತ್ತೇ ಆಗ್ತಿರಲಿಲ್ಲ. ಥ್ಯಾಂಕ್ಸ್ ಕಣೇ."

ಕೇಕ್ ಹಾಗೇ ಇದೆ.

ನವೆಂಬರ್ 14, ಗುರುವಾರ. 9
9.0.

ಪಟ್ಟಣದ ಕಣ್ಣಿನ ಡಾಕ್ಟರು ಮಾಮನನ್ನು ನೋಡಿದರು. ಗೋಡೆಯ ಅಕ್ಷರದ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಅಚ್ಚು ಹಾಕಿದವನ ಹೆಸರನ್ನೂ ಓದಿದರಂತೆ. ಕಣ್ಣಿನಲ್ಲಿ ದೋಷವೇ ಇಲ್ಲ.

ಕೇಳಿ ಒಂದು ಕ್ಷಣ ಹಗುರಾದೆ. ಒಂದೇ ಕ್ಷಣ. ಮಾಮ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಕಣ್ಣಲ್ಲ ಹುಡುಗಿ, ಇದು. ಕಂಡಿದೆ, ಒಳಗೆ ಹೋಗಿಲ್ಲ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು."

ಅವರ ಅಣ್ಣ ಕೊನೆಯ ಮೂರು ವರ್ಷ ಹೆಂಡತಿಯನ್ನೇ ನೀವು ಯಾರು ಎಂದು ಕೇಳುತ್ತಿದ್ದ.

ನಿಜ ಹೇಳಲೆಂದು ಬಾಯಿ ತೆರೆದೆ. ಚಹಾ ಬೇಕಾ ಎಂದು ಕೇಳಿದೆ.

ನವೆಂಬರ್ 19, ಮಂಗಳವಾರ. 9
3.8. ಆದರೂ ಕೋಟು ಹಾಕಿದೆ.

ಮಾಮನದೇ ಏರ್ಪಾಡು. ತಲೆ ಎಷ್ಟು ಉಳಿದಿದೆ ನೋಡಬೇಕಂತೆ. ಮಳೆ ಇರಲಿ ಬಿಡಲಿ, ನನಗೆ ತೋಚಿದ ದಿನ ಕೋಟು ಹಾಕಬೇಕು, ತೋಚದ ದಿನ ಬಿಡಬೇಕು. ಅವರು ನೋಡಿ ಬರೆದಿಡುತ್ತಾರೆ. ಶುಕ್ರವಾರದಿಂದ ನಡೆದಿದೆ. ಶುಕ್ರವಾರ ಹಾಕಿದೆ, ಟೋಪಿ ಬೀಸಿದರು. ಶನಿವಾರ ಹಾಕಲಿಲ್ಲ, ಬೀಸಲಿಲ್ಲ. ಭಾನುವಾರ ಮಂಜಿನಲ್ಲಿ ಹಾಕಿದೆ, ನನಗೇ ಗೇಟು ಕಾಣುತ್ತಿರಲಿಲ್ಲ. ಮಂಜು ಸರಿದ ಹನ್ನೊಂದೂವರೆಗೆ ಬೀಸಿದರು. ಅಷ್ಟು ಹೊತ್ತೂ ನಿಂತು ಕಾದಿದ್ದರು ಅಂತ ಆಯಿತು. ಸೋಮವಾರ ಇಲ್ಲ. ಇವತ್ತು ಬೀಸಿದರು.

ಐದಕ್ಕೆ ಐದು. ಸಂಜೆ ಚೀಟಿ ತೋರಿಸಿದರು. ದೊಡ್ಡ ದೊಡ್ಡ ಅಕ್ಷರ. ಕೊನೆಗೆ ಕೇಳಿದ್ದು, "ಹಾಗಾದ್ರೆ ಆವತ್ತೊಂದು ದಿನ ಮಾತ್ರ ಎಲ್ಲಿಗೆ ಹೋಗಿತ್ತು ನನ್ನ ಬುದ್ಧಿ?"

ಎಸೆಕ್ಸಿಗೆ.

ನವೆಂಬರ್ 22, ಶುಕ್ರವಾರ. 9
15.5.

ಅಧ್ಯಕ್ಷರ ಪತ್ರ. ನವೆಂಬರ್ 1ರ 131.4 ಈ ಕಣಿವೆಯ ಪುಸ್ತಕದಲ್ಲೇ ದೊಡ್ಡದು, ವೇದಿಕೆಯ ಮೇಲೆ ಅದನ್ನೇ ವಿಶೇಷವಾಗಿ ಹೇಳುತ್ತಾರಂತೆ. ಅಂಥ ಬೆಳಗ್ಗೆಯೂ ಎದೆಗುಂದದೆ ಅಳೆದವಳು. ಎರಡು ಸಲ ಓದಿ ಒಲೆಯ ಪಕ್ಕ ಕುಳಿತುಬಿಟ್ಟೆ.

ನಾಳೆ ಮಾಮನೇ ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ಅಣ್ಣನ ಮಣ್ಣಿಗೆ ಹೊಲಿಸಿದ ಸೂಟು ಹಾಕುತ್ತಾರಂತೆ. ಮೊದಲ ಸಾಲಿನಲ್ಲಿ ಕೂರುತ್ತಾರಂತೆ. "ಟೈಸನ್ ಮನೆಯ ಅಳತೆ ಸುಳ್ಳು ಹೇಳಿದ್ದಿಲ್ಲ. ಅದನ್ನ ಯಾರಾದ್ರೂ ಎದ್ದು ನಿಂತು ಹೇಳಬೇಕಲ್ಲ. ನಾನು ಹೇಳ್ತೀನಿ," ಅಂದರು.

ಸೋಮವಾರ ಕುರಿ ಒಯ್ಯಲು ಲಾರಿ ಬರುತ್ತದೆ.

ಪ್ರಾಸ ಒಂದೂ ಹುಟ್ಟುತ್ತಿಲ್ಲ.

ನವೆಂಬರ್ 23, ಶನಿವಾರ. 8.30
ಮಾನ್ಯ ಅಧ್ಯಕ್ಷರೆ, ಮಳೆ ಅಳೆಯುವ ಮಹನೀಯರೆ, ಮಹಿಳೆಯರೆ, ಸಭಾಂಗಣದ ಸೋರುವ ಸೂರೇ. ಅಜ್ಜ ಅಳೆದರು, ಅಪ್ಪ ಅಳೆದರು, ನಾನೂ ಅಳೆದೆ. ಅರವತ್ತೊಂದು ವರ್ಷ ಒಂದು ಬೆಳಗ್ಗೆಯೂ ತಪ್ಪದೆ ನಮ್ಮ ಮನೆಯವರು

ಇಲ್ಲ.

ಮಾಮ, ಆವತ್ತು ಗೇಟಿನ ಮೇಲೆ ಕೋಟು ಇರಲಿಲ್ಲ. ಹೊಗೆಯೂ ಇರಲಿಲ್ಲ. ನಾನೇ ಇರಲಿಲ್ಲ. ಎಸೆಕ್ಸಿನಲ್ಲಿ ಒಂಬತ್ತು ಇಪ್ಪತ್ತರವರೆಗೆ ನಿದ್ದೆ ಮಾಡುತ್ತಿದ್ದೆ. ನೀವು ಕಂಡದ್ದೇ ಸರಿ.

ಒಂಬತ್ತಾಯಿತು. ಹೊರಗೆ ಸುರಿಯುತ್ತಿದೆ. ಅಳೆಯಲು ಹೋಗಲಿಲ್ಲ. ಮಳೆಪುಸ್ತಕದಲ್ಲಿ ಇವತ್ತಿನ ಮನೆ ಖಾಲಿ ಇರಲಿ.

ವ್ಯಾನು ಗೇಟಿನಲ್ಲಿ ನಿಂತಿತು. ಕರಿಸೂಟು. ಸಭಾಂಗಣದವರೆಗೆ ಕಾಯುವುದಿಲ್ಲ. ಇಲ್ಲೇ, ಬಾಗಿಲಲ್ಲೇ. ಈ ಪುಟವನ್ನೇ ಕೈಗೆ ಕೊಟ್ಟು ಓದಿ ಅನ್ನುತ್ತೇನೆ, ಅವರ ಕಣ್ಣು ಚೆನ್ನಾಗಿದೆ. ಬೂಟಿನ ಕೆಸರು ಒರೆಸುತ್ತಿದ್ದಾರೆ... ಬಾಗಿಲು ತಟ್ಟಿದರು.