ಅಪ್ಪನ ಬಕೆಟ್ಟು

ಮಿಲ್ವಾಕಿ, ಜೂನ್ ೯

ಪ್ರೀತಿಯ ಅಮ್ಮನಿಗೆ,

ಶೆಡ್ಡು ಖಾಲಿ ಮಾಡುತ್ತಿದ್ದೇನೆಂದು ನೀನು ಬರೆದಿದ್ದೆ. ಬೇರೆಲ್ಲ ಕೊಟ್ಟುಬಿಡು; ಅಪ್ಪ ಬೋರಲು ಹಾಕಿ ಕೂರುತ್ತಿದ್ದ ಬಕೆಟ್ಟನ್ನು ಮಾತ್ರ ಕೊಡಬೇಡ.

ಹನ್ನೊಂದು ವರ್ಷ ಬೇಸ್‌ಬಾಲಿನ ಕೆಳದರ್ಜೆಯ ಮೈನರ್ ಲೀಗಿನ ಬಸ್ಸುಗಳಲ್ಲಿ ಅಲೆದ ನಿನ್ನ ಮಗ ನಿನ್ನೆ ಮೇಜರ್ ಲೀಗಿನಲ್ಲಿ, ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂತ. ಅಪ್ಪ ತೀರಿಕೊಂಡು ಏಳು ವಾರವಾಗಿತ್ತು; ಅವನು ನೋಡುವುದಕ್ಕೆ ಅಷ್ಟು ತಡವಾಯಿತು.

ಒಂದೇ ರನ್ನಿನ ಮುನ್ನಡೆ. ಕೊನೆಯ ಬ್ಯಾಟರ್, ಇನ್ನೊಂದು ಬೀಸು ತಪ್ಪಿದರೆ ಔಟ್. ಆದರೆ ಮೂರನೇ ಬೇಸಿನಲ್ಲಿ ಓಟಗಾರನಿದ್ದ. ಚೆಂಡು ನನ್ನನ್ನು ದಾಟಿದರೆ ಅವನು ಓಡಿಬಂದು ಪಂದ್ಯ ಸಮ, ನನಗೆ ಮತ್ತೆ ಬಸ್ಸು.

"ಏನ್ ತಾತಾ, ಮಂಡಿ ನೋಯ್ತಿಲ್ವಾ?" ಎಂದು ಬ್ಯಾಟರ್ ಕೆಣಕಿದ.

"ನೋಯ್ತಿದೆ ಮಗಾ, ಬೇಗ ಔಟಾಗು" ಎಂದೆ.

ನೆಲಕ್ಕೆ ಕುಸಿಯುವ ಚೆಂಡನ್ನೆಸೆಯಲು ನಮ್ಮ ಪಿಚರ್ ಡೆಸ್ಮಂಡ್ ಹೆದರಿದ್ದ. ಹತ್ತಿರ ಹೋಗಿ, "ಅದನ್ನೇ ಹಾಕೋ. ಹಿಂದಕ್ಕೆ ಬಿಟ್ರೆ ಆಮೇಲ್ ಕೇಳು" ಎಂದೆ.

ಬ್ಯಾಟರ್ ಬೀಸಿ ತಪ್ಪಿದ. ಚೆಂಡು ಮಣ್ಣಿಗೆ ಬಡಿದು ಪುಟಿಯಿತು. ನನ್ನ ಕೈ ಮುಂದೆ ಹೋಗಲೇ ಇಲ್ಲ, ಅಮ್ಮಾ. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಅಪ್ಪ ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಕೆಟ್ಟಿನ ಮೇಲೆ ಕೂತು ಚೆಂಡೆಸೆಯುತ್ತಿದ್ದನಲ್ಲ, "ಹಿಡೀಬೇಡ್ವೋ, ಎದೆ ಕೊಡು!" ಎಂದು? ನೀನು ಕಿಟಕಿಯಿಂದ ಅವನನ್ನು ಬೈಯುತ್ತಿದ್ದೆ.

ಎದೆ ಕೊಟ್ಟೆ. ಚೆಂಡು ಕಾಲ ಬಳಿಯೇ ಬಿತ್ತು. ಚೆಂಡು ನೆಲಕ್ಕೆ ಬಡಿದರೆ ಬ್ಯಾಟರ್ ಓಡಬಹುದಲ್ಲ, ಅವನು ಓಡುವ ಮೊದಲೇ ಎತ್ತಿ ಅವನ ಮೈಗೆ ಮುಟ್ಟಿಸಿ ಔಟ್ ಮಾಡಿದೆ. ಗೆದ್ದೆವು! ಮೂವತ್ತು ಸಾವಿರ ಜನ ಎದ್ದು ನಿಂತು ಕೂಗಿದರು.

ಆಮೇಲೆ ಮ್ಯಾನೇಜರ್ ನನ್ನನ್ನು ಕರೆದು, "ಹೋಟೆಲ್ ರೂಮ್ ಬಿಡು. ಊರಲ್ಲೊಂದು ಮನೆ ನೋಡ್ಕೋ" ಎಂದರು. ಹಾಗೆಂದರೆ ನನ್ನನ್ನು ವಾಪಸು ಕಳಿಸುವುದಿಲ್ಲವೆಂದೇ ಅರ್ಥ.

ಎರಡು ಕೋಣೆಯ ಮನೆ ನೋಡುತ್ತಿದ್ದೇನೆ. ಹಿತ್ತಲೂ ಇದೆ. ಬರುವಾಗ ಬಕೆಟ್ಟು ತಾ.

ನಿನ್ನ ಮಗ,
ರಾಯ್ಸ್