ಗುಲಾಬಿಯಾಗೇ ಉಳಿದ ಪ್ಲೇಟು

ಮಂಗಳವಾರ, ಹದಿನಾಲ್ಕನೇ ತಾರೀಖು

ಮುದ್ದು ಪುಟ್ಟಿ,

ನಿನ್ನ ಮಂಡಿನೋವು ಹೇಗಿದೆ? ಎರಡು ಕಾಗದ ಬರೆದರೂ ಅಕ್ಕ ಉತ್ತರ ಹಾಕಲಿಲ್ಲ ಅಂತ ಮುನಿಸಿಕೊಂಡಿರುತ್ತೀ, ಗೊತ್ತು. ಬೈಯಿ, ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ಇಷ್ಟು ದಿನ ಹಲ್ಲು ಮಸೆಯುತ್ತಾ ಕೂತಿದ್ದೆ. ನಿನ್ನೆ ಕಚ್ಚಿದೆ.

ನಿನ್ನ ಭಾವನ ವಿಷಯ. ಇನ್ನು ಮೇಲೆ ‘ಅವನು’ ಅಂತಲೇ ಬರೆಯುತ್ತೇನೆ. ಬಹುವಚನ ಕೊಟ್ಟು ಕೊಟ್ಟು ಸಾಕಾಗಿದೆ.

ಗಂಡ ಹೆಂಡತಿ ಇಬ್ಬರೂ ಆ ಪ್ರಯೋಗಾಲಯದಲ್ಲಿ ಏನು ಮಾಡುತ್ತೀರಿ ಅಂತ ನೀನು ಯಾವಾಗಲೂ ಕೇಳುತ್ತಿದ್ದೆ. ಈಗ ಕೇಳು. ನಮ್ಮ ರಕ್ತದಲ್ಲಿ ಟಿ ಕೋಶಗಳು ಅಂತ ಇವೆ, ರೋಗದ ಜೊತೆ ಹೊಡೆದಾಡುವವು. ಅವುಗಳ ಮೈಮೇಲೆ ಗ್ರಾಹಕಗಳು, ಅಂದರೆ ಸಂಕೇತ ಹಿಡಿಯುವ ಕೊಂಡಿಗಳು, ಇರುತ್ತವೆ. ಬೇರೊಂದು ಕೋಶ ರೋಗಾಣುವಿನ ಚೂರನ್ನು ಎತ್ತಿ ತೋರಿಸಿದಾಗ ಒಂದು ಗ್ರಾಹಕ ಅದನ್ನು ಗುರುತು ಹಿಡಿಯುತ್ತದೆ. ಅಷ್ಟಕ್ಕೇ ಟಿ ಕೋಶ ಎದ್ದು ಹೊರಡುವುದಿಲ್ಲ. ತೋರಿಸಿದ ಕೋಶವೇ ಇನ್ನೊಂದು ಗ್ರಾಹಕವನ್ನೂ ಮುಟ್ಟಿ ‘ಹೌದು, ಹೊರಡು’ ಅನ್ನಬೇಕು. ಆ ಎರಡನೇ ಸಂಕೇತ ಬರದಿದ್ದರೆ ಟಿ ಕೋಶ ಮರಗಟ್ಟಿಹೋಗುತ್ತದೆ, ಆಮೇಲೆ ಕರೆದರೂ ಓಗೊಡುವುದಿಲ್ಲ.

ಅವನು ಹೊಸ ಔಷಧಿ ಕಂಡುಹಿಡಿದೆ ಅಂದ. ಅದು ಮೊದಲ ಗ್ರಾಹಕಕ್ಕೆ ಅಂಟಿಕೊಂಡರೆ ಸಾಕು, ಟಿ ಕೋಶ ಎದ್ದು ಹೊರಡುತ್ತದಂತೆ, ಎರಡನೆಯದರ ಹಂಗೇ ಬೇಡವಂತೆ. ನಿಜ ಏನೆಂದರೆ, ಅವನ ಟಿ ಕೋಶಗಳ ಜೊತೆ ಬೇರೆ ಕೋಶಗಳು ಬೆರೆತಿದ್ದವು. ಎರಡನೇ ಸಂಕೇತವನ್ನು ಗುಟ್ಟಾಗಿ ಅವೇ ಕೊಡುತ್ತಿದ್ದವು. ಮನೆಯಲ್ಲಿ ಪಾತ್ರೆ ಒರೆಸುತ್ತಾ ಮೆತ್ತಗೆ ಹೇಳಿದೆ. “ನಿಂಗೆ ಹೊಟ್ಟೆಕಿಚ್ಚು ಕಣೇ” ಅಂದ. ಪ್ರಯೋಗಾಲಯದ ಸಭೆಯಲ್ಲೂ ಎದ್ದು ನಿಂತು ಹೇಳಿದೆ. ಆಗ ಮೈಕು ಹಿಡಿದುಕೊಂಡು ಅಂದದ್ದೇನು ಗೊತ್ತಾ? “ನಮ್ಮನೆಯವಳಿಗೆ ಎಲ್ಲಾನೂ ಎರಡೆರಡು ಸಲ ಹೇಳ್ಬೇಕು. ಪಾಪ, ಜೀವಕೋಶನೂ ತನ್ನ ಥರಾನೇ ಅನ್ಕೊಂಡಿದಾಳೆ!” ಇಡೀ ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ ಪುಟ್ಟಿ. ಮತ್ತೆ ಮುಖ ಎಲ್ಲಿಟ್ಟುಕೊಳ್ಳಲಿ?

ಕಳೆದ ವಾರ ಹೊರಗಿನಿಂದ ಪರೀಕ್ಷಕರು ಬಂದರು. ಔಷಧಿ ಅವರ ಕಣ್ಣೆದುರು ಕೆಲಸ ಮಾಡಿದರೆ ನಿರ್ದೇಶಕನ ಕುರ್ಚಿ ಅವನಿಗೆ. ಆಗ ನೆನಪಾದೆ ನಾನು ಮಹಾರಾಯನಿಗೆ. “ಕೋಶ ನೀನೇ ಬೇರ್ಪಡಿಸಿಕೊಡೇ, ನಿನ್ನ ಕೈ ಚೊಕ್ಕ” ಅಂತ ಬೆಣ್ಣೆ ಹಚ್ಚಿದ. ಚೊಕ್ಕವಾಗಿಯೇ ಮಾಡಿಕೊಟ್ಟೆ! ಬೇರೆ ಕೋಶಗಳಿಗೆ ಕಬ್ಬಿಣದ ಸಣ್ಣ ಕಣ ಅಂಟಿಸಿ ಅಯಸ್ಕಾಂತದಿಂದ ಎಳೆದು ತೆಗೆದೆ, ಮತ್ತೆ ಎಳೆದೆ, ಒಂದೂ ಉಳಿಯದ ಹಾಗೆ. ಮೋಸ ಮಾಡಲಿಲ್ಲ. ಕೇಳಿದ್ದನ್ನೇ ಕೊಟ್ಟೆ. ಆ ಟಿ ಕೋಶಗಳನ್ನು ಪ್ಲೇಟಿನ ಗುಳಿಗಳಿಗೆ ಹಾಕಿ ಅವನು ತನ್ನ ಔಷಧಿ ಬೆರೆಸಿದ. ಪಕ್ಕದಲ್ಲಿ, ಪರೀಕ್ಷಕರಿಗೆ ಹೇಳಿಯೇ, ಅದೇ ಕೋಶಗಳ ಇನ್ನೊಂದು ಪ್ಲೇಟು ಇಟ್ಟೆ. ಅದಕ್ಕೆ ಅವನ ಔಷಧಿಯ ಜೊತೆಗೆ ಎರಡನೇ ಗ್ರಾಹಕವನ್ನು ಮುಟ್ಟುವ ಔಷಧಿಯನ್ನೂ ಹಾಕಿದೆ.

ನಿನ್ನೆ ಎರಡನ್ನೂ ಕಾವುಪೆಟ್ಟಿಗೆಯಿಂದ ಹೊರಗೆ ತೆಗೆದರು. ಕೋಶಗಳು ಬೆಳೆದರೆ ಅವುಗಳ ಗುಲಾಬಿ ದ್ರವ ಹಳದಿಗೆ ತಿರುಗುತ್ತದೆ. ನನ್ನ ಪ್ಲೇಟು ನಿಂಬೆಹಣ್ಣಿನ ಹಾಗೆ ಹಳದಿ. ಅವನದು ಇಟ್ಟಾಗ ಹೇಗಿತ್ತೋ ಹಾಗೇ ಗುಲಾಬಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನನ್ನವು ಉಬ್ಬಿ ಗುಂಪು ಕಟ್ಟಿದ್ದವು, ಅವನವು ಚುಕ್ಕಿಗಳಾಗಿ ಸುಮ್ಮನೆ ಬಿದ್ದಿದ್ದವು. ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿದ. ಹಿರಿಯ ಪರೀಕ್ಷಕಿ ಕೇಳಿದರು, “ಈ ಹಳದಿ ಪ್ಲೇಟಿನ ಯೋಚನೆ ಯಾರದಮ್ಮಾ?”

“ಎರಡೆರಡು ಸಲ ಹೇಳಿಸ್ಕೊಳ್ಳೋಳದ್ದು ಮೇಡಂ” ಅಂದೆ.

ಈ ಸಲ ಯಾರೂ ನಗಲಿಲ್ಲ. ಅವನ ಮುಖ ನೋಡಬೇಕಿತ್ತು ನೀನು, ಇಂಗು ತಿಂದ ಮಂಗ!

ಕುರ್ಚಿ ಕೈತಪ್ಪಿತು. ಊಟಕ್ಕೆ ಕೂತಾಗ “ಕಟ್ಕೊಂಡ ಗಂಡನ ಮಾನ ಕಳೆದ್ಯಲ್ಲೇ” ಅಂದ. “ಇನ್ನೂ ಸ್ವಲ್ಪ ಬಡಿಸ್ಲಾ?” ಅಂದೆ. ಹೊಟ್ಟೆ ತಣ್ಣಗಾಯಿತು ಕಣೇ. ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಭಾನುವಾರ ಗಂಟುಮೂಟೆ ಕಟ್ಟಿಕೊಂಡು ನಿನ್ನ ಮನೆಗೇ ಬರುತ್ತಿದ್ದೇನೆ. ಮೂಲೆಯ ಕೋಣೆ ಖಾಲಿ ಮಾಡಿಡು.

ನಿಮ್ಮೆಜಮಾನರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳ ಕೆನ್ನೆ ಹಿಂಡು. ಒಡಹುಟ್ಟಿದವಳೇ, ನಿನ್ನ ಮನೆ ಸದಾ ತಣ್ಣಗಿರಲಿ.

ಇಂತಿ ನಿನ್ನ,
ಅಕ್ಕ

ತಾ.ಕ.: ಸಭೆಯಲ್ಲಿ ನಕ್ಕರು ಅನ್ನೋದಕ್ಕೇ ಇಷ್ಟೆಲ್ಲ ಮಾಡಿದಳಾ ಅಂದುಕೊಳ್ಳಬೇಡ. ನನ್ನ ಮಗು ಹೊಟ್ಟೆಯಲ್ಲೇ ಹೋದ ದಿನ, ಆಸ್ಪತ್ರೆಯಿಂದ ನೀನು ನನ್ನ ಬಟ್ಟೆ ತರಲು ಹೋಗಿದ್ದೆಯಲ್ಲ, ಆಗ ಅವನು ಬಂದ. ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಕೈ ಎತ್ತಿಕೊಂಡ. ಸಮಾಧಾನ ಮಾಡುತ್ತಾನೆ ಅಂದುಕೊಂಡೆ. ಜೇಬಿನಿಂದ ಖಾಲಿ ಕೊಳವೆಗಳನ್ನು ತೆಗೆದು, “ಹೇಗಿದ್ರೂ ಸೂಜಿ ಚುಚ್ಚಿದ್ದಾರಲ್ಲ, ಪ್ರಯೋಗಕ್ಕೆ ಸ್ವಲ್ಪ ರಕ್ತ ತಗೋತೀನಿ” ಅಂದ. ತುಂಬಿಸಿಕೊಂಡು ಹೊರಟುಹೋದ. ಮಗು ಗಂಡೋ ಹೆಣ್ಣೋ ಅಂತ ಇವತ್ತಿನವರೆಗೂ ಕೇಳಿಲ್ಲ.